ಬ್ರಾಂಚ್ ಬದಲಿಸಿದ ರಾಮಚಂದ್ರನ್

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರಿಗೆಲ್ಲ ಬಯೋಕಾನ್ ಗೊತ್ತು. 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಶುರುವಾದಾಗ ಅದು ತಯಾರಿಸುತ್ತಿದ್ದದ್ದು ಇನ್ಸುಲಿನ್ ಅಲ್ಲ, ಪರಂಗಿಕಾಯಿ ಹಾಲಿನಿಂದ ತೆಗೆದ ಪಪೈನ್ ಅನ್ನೋ ಕಿಣ್ವ. ಮಾಂಸಕ್ಕೆ ಪರಂಗಿಕಾಯಿ ಹಾಕಿದರೆ ಬೇಗ ಮೆತ್ತಗಾಗುತ್ತೆ ಅಂತ ನಮ್ಮ ಅಡುಗೆಮನೆಗಳಿಗೂ ಗೊತ್ತು. ಯಾಕೆ ಅಂತ ಕೇಳಿದರೆ ಪ್ರೋಟೀನಿನ ಆಕಾರಕ್ಕೆ ಹೋಗಬೇಕು. ಆ ದಾರಿಯಲ್ಲಿ ಜಿ. ಎನ್. ರಾಮಚಂದ್ರನ್ ಸಿಗುತ್ತಾರೆ.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಹುಟ್ಟಿದ ಅವರು 1942ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದೋಕೆ. ಹೌದು, ನಮ್ಮವರೇ! ಸಿ. ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತವಿಜ್ಞಾನಕ್ಕೆ ಹಾರಿದರು. ಕೇಂಬ್ರಿಡ್ಜ್ ಮುಗಿಸಿ ಬಂದು, ಮೂವತ್ತು ತುಂಬುವ ಹೊತ್ತಿಗೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥರು.

1954ರಲ್ಲಿ ಗೋಪಿನಾಥ್ ಕರ್ತಾ ಜೊತೆ ಕೊಲಾಜೆನ್‌ಗೆ ಮೂರೆಳೆಯ ಸುರುಳಿಯ ಮಾದರಿ ಕೊಟ್ಟರು. ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಪೂರ್ತಿ ಒಪ್ಪಲಿಲ್ಲ. ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಅಂತ ಆಕ್ಷೇಪ. ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರೇನೋ. ಇವರು, ಹಾಗಾದರೆ ಎಷ್ಟು ಹತ್ತಿರ ಬರಬಹುದು ಅಂತ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿದರು. 1963ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಪ್ರಕಟಿಸಿದ ನಕ್ಷೆ ಹುಟ್ಟಿದ್ದು ಈ ಹುಡುಕಾಟದಿಂದ.

ಪ್ರೋಟೀನ್ ಸರಪಳಿಯ ಪ್ರತಿ ಅಮೈನೋ ಆಮ್ಲದಲ್ಲೂ ತಿರುಗುವ ಎರಡು ಕೀಲುಗಳಿವೆ, ಫೈ ಮತ್ತು ಸೈ. ಎರಡನ್ನೂ 360 ಡಿಗ್ರಿ ತಿರುಗಿಸುತ್ತಾ, ಪರಮಾಣುಗಳು ಡಿಕ್ಕಿ ಹೊಡೆಯುವ ಜಾಗವನ್ನೆಲ್ಲ ಅಳಿಸಿ. ಉಳಿಯೋದು ಕೆಲವೇ ದ್ವೀಪಗಳು, ಹೆಚ್ಚಿನವು ನಕ್ಷೆಯ ಎಡಭಾಗದಲ್ಲಿ. ಯಾಕೆ ಎಡ? ಜೀವಿಗಳ ಪ್ರೋಟೀನ್ ಕಟ್ಟಿರೋದು ಎಲ್ ರೂಪದ ಅಮೈನೋ ಆಮ್ಲಗಳಿಂದ. ಅದರ ಕನ್ನಡಿ ಬಿಂಬವಾದ ಡಿ ರೂಪ ಹಾಕಿದರೆ ದ್ವೀಪಗಳು ಬಲಕ್ಕೆ ಹೋಗುತ್ತವೆ. ಪಕ್ಕದ ಕವಲೇ ಇಲ್ಲದ ಗ್ಲೈಸೀನ್ ಮಾತ್ರ ಎರಡೂ ಕಡೆ ಆರಾಮಾಗಿ ಓಡಾಡುತ್ತೆ.

ಈಗ ಪರಂಗಿಕಾಯಿಗೆ ಬರೋಣ. ಪಪೈನ್ ರಚನೆಯನ್ನು 1968ರಲ್ಲಿ ನೆದರ್ಲೆಂಡ್ಸ್‌ನ ಯಾನ್ ಡ್ರೆಂಥ್ ತಂಡ ಪ್ರಕಟಿಸಿತು. 212 ಅಮೈನೋ ಆಮ್ಲಗಳ ಸರಪಳಿ ಎರಡು ಗುಡ್ಡೆಯಾಗಿ ಮಡಚಿಕೊಂಡಿದೆ, ನಡುವೆ ಒಂದು ಸೀಳು. ಸರಪಳಿಯಲ್ಲಿ ದೂರದೂರ ಇರುವ 25ನೇ ಸಿಸ್ಟೀನ್, 159ನೇ ಹಿಸ್ಟಿಡೀನ್ ಮಡಿಕೆಯಿಂದಾಗಿ ಆ ಸೀಳಿನಲ್ಲಿ ಅಕ್ಕಪಕ್ಕ ಕೂತಿವೆ. ಸಿಸ್ಟೀನಿನ ಗಂಧಕ ಮಾಂಸದ ಪ್ರೋಟೀನಿನ ಪೆಪ್ಟೈಡ್ ಬಂಧದ ಇಂಗಾಲಕ್ಕೆ ಅಂಟಿಕೊಳ್ಳುತ್ತೆ, ಹಿಸ್ಟಿಡೀನ್ ಪ್ರೋಟಾನ್ ದಾಟಿಸುತ್ತೆ, ಬಂಧ ಕತ್ತರಿಸುತ್ತೆ. ಎಲ್ ತುಣುಕುಗಳಿಂದಲೇ ಕಟ್ಟಿದ ಸೀಳಿಗೆ ಎಡ-ಬಲದ ಭೇದ ಗೊತ್ತು. ಎಲ್ ಸರಪಳಿ ಸರಿಯಾಗಿ ಕೂರುತ್ತೆ. ಡಿ ಬಂದರೆ ಎಡಗಾಲಿನ ಶೂಗೆ ಬಲಗಾಲು ತೂರಿಸಿದ ಹಾಗೆ.

ಎಪ್ಪತ್ತರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ವಾಪಸ್ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ನೊಬೆಲ್ ಬರಲಿಲ್ಲ, ನಮಗಂತೂ ಅದು ಇನ್ನೂ ಚುಚ್ಚುತ್ತೆ. 1999ರಲ್ಲಿ ಸ್ಫಟಿಕ ವಿಜ್ಞಾನದ ಎವಾಲ್ಡ್ ಪ್ರಶಸ್ತಿ ಬಂತು. 2001ರ ಏಪ್ರಿಲ್ 7ರಂದು ತೀರಿಕೊಂಡರು. ಇವತ್ತಿಗೂ ಯಾರೇ ಹೊಸ ಪ್ರೋಟೀನ್ ರಚನೆ ತಂದರೂ ಅದರ ಕೋನಗಳನ್ನು ಇವರ ನಕ್ಷೆಯ ಮೇಲೆ ಚುಕ್ಕಿ ಇಟ್ಟು ಪರೀಕ್ಷಿಸುತ್ತಾರೆ.