ಪ್ಲೇಗಿಗೆ ಲಸಿಕೆ ತಂದ ಹಾಫ್‌ಕಿನ್ನರು

ಪರೇಲಿನ ಹಾಫ್‌ಕಿನ್ ಸಂಸ್ಥೆಯ ಫಲಕವನ್ನು ನಾವು ಎಷ್ಟೋ ವರ್ಷಗಳಿಂದ ಬಸ್ಸಿನ ಕಿಟಕಿಯಿಂದ ನೋಡುತ್ತ ಬಂದಿದ್ದೇವೆ. ಆದರೆ ಆ ಹೆಸರಿನ ಮನುಷ್ಯನಾರೆಂದು ವಿಚಾರಿಸಿದವರು ನಮ್ಮಲ್ಲಿ ವಿರಳ.

ವಾಲ್ಡೆಮಾರ್ ಹಾಫ್‌ಕಿನ್ನರು 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಪಟ್ಟಣದಲ್ಲಿ, ಯಹೂದಿ ಮನೆತನದಲ್ಲಿ ಜನಿಸಿದರು. ಮೆಚ್ನಿಕಾಫರಲ್ಲಿ ಪ್ರಾಣಿಶಾಸ್ತ್ರವನ್ನು ಕಲಿತರು. ಮತ ಬದಲಾಯಿಸಿದ್ದರೆ ಅಧ್ಯಾಪಕ ಹುದ್ದೆಯ ದಾರಿ ತೆರೆಯುತ್ತಿತ್ತು, ಅವರು ಒಪ್ಪಲಿಲ್ಲ. ಮುಂದೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ. ಅಲ್ಲಿಯೇ ದುಡಿದು 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಲಕ್ಷಾಂತರ ಜನ ಊರು ಬಿಟ್ಟರು. ಬಿಳಿಯ ಅಧಿಕಾರಿಗಳು ಸಿಪಾಯಿಗಳೊಡನೆ ಮನೆಗಳನ್ನು ಹೊಕ್ಕು ಶೋಧಿಸುವುದು, ರೋಗಿಗಳನ್ನು ಬಲವಂತದಿಂದ ಒಯ್ಯುವುದು, ಹೆಂಗಸರನ್ನು ಪರಪುರುಷರು ಪರೀಕ್ಷಿಸುವುದು, ಇವೆಲ್ಲ ನಡೆದವು. ರೋಗವೆಂದರೆ ಕರಿಯ ಜನರ ಕೊಳಕು ಎಂಬ ಭಾವನೆ ಆಳುವವರಲ್ಲಿತ್ತು. ಆಸ್ಪತ್ರೆಗೆ ಹೋದವನು ತಿರುಗಿ ಬಾರನೆಂಬ ಭಯ ಆಳಿಸಿಕೊಂಡವರಲ್ಲಿ. ಅಕ್ಟೋಬರಿನಲ್ಲಿ ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆಯೇ ನುಗ್ಗಿದರು. ಬೇರೆ ಬೇರೆ ಸಮಾಜಗಳು ತಮ್ಮವರಿಗಾಗಿ ತಾವೇ ಆಸ್ಪತ್ರೆಗಳನ್ನು ತೆರೆದುಕೊಂಡವು.

ಇಂಥ ಹೊತ್ತಿನಲ್ಲಿ ಹಾಫ್‌ಕಿನ್ನರು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಸಿಕ್ಕಿದಷ್ಟು ಜಾಗದಲ್ಲಿ ಕೆಲಸಕ್ಕೆ ಕುಳಿತು, 1897ರ ಜನವರಿ 10ರಂದು ಹೊಸ ಲಸಿಕೆಯನ್ನು ಮತ್ತೆ ತಮಗೇ ಚುಚ್ಚಿಕೊಂಡರು. ಆಮೇಲೆ ಬೈಕಳಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ. (ಕೈದಿಯ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆಯೆಂದು ಕೇಳಬಹುದು.) ಜನರ ಅಂಜಿಕೆಯನ್ನು ಬಿಡಿಸಿದ್ದು ಸರಕಾರದ ಹುಕುಮಲ್ಲ. ತರುಣ ಆಗಾಖಾನರು ಎಲ್ಲರೆದುರಿಗೆ ಸೂಜಿ ಚುಚ್ಚಿಸಿಕೊಂಡರು. ಅವರ ಖೋಜಾ ಅನುಯಾಯಿಗಳು ಸಾವಿರಗಟ್ಟಲೆ ಹಿಂಬಾಲಿಸಿದರು.

ನಮ್ಮ ಕಡೆಗೂ ಈ ಲಸಿಕೆ ಬಂದಿತ್ತು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಊರು ಬಿಟ್ಟು ಅಡವಿಯಲ್ಲಿ ಗುಡಿಸಲು ಹಾಕಿದ ಪ್ಲೇಗಿನ ಕಾಲದ ಮಾತನ್ನು ಮನೆಯ ಹಿರಿಯರಿಂದ ಕೇಳಿದವರು ನಮ್ಮಲ್ಲಿ ಇದ್ದಾರೆ.

1902ರ ಅಕ್ಟೋಬರಿನಲ್ಲಿ ಪಂಜಾಬದ ಮುಲ್ಕೋವಾಲದಲ್ಲಿ ಅನಾಹುತವಾಯಿತು. ಚುಚ್ಚಿಸಿಕೊಂಡ 107 ಜನರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಯೂ ಒಂದೇ ಶೀಶೆಯ ಲಸಿಕೆ ಪಡೆದವರು. ಶೀಶೆ ಬಂದದ್ದು ಹಾಫ್‌ಕಿನ್ನರ ಪ್ರಯೋಗಶಾಲೆಯಿಂದ. ತಪ್ಪೂ ಅಲ್ಲಿಯದೇ ಎಂದು ವಿಚಾರಣೆಯವರು ಬರೆದರು, ಅವರ ಹುದ್ದೆ ಹೋಯಿತು. ತಿಜೋರಿಯಲ್ಲಿ ಹಣ ಕಡಿಮೆ ಬಿದ್ದರೆ ಬೀಗದ ಕೈ ಇದ್ದವನನ್ನೇ ಮೊದಲು ಹಿಡಿಯುವುದು ನಮ್ಮ ಗುಮಾಸ್ತ ಕುಲಕ್ಕೆ ಹೊಸದಲ್ಲ. ಮೇಲಾಗಿ ಅವರು ವೈದ್ಯ ಪದವಿಯಿಲ್ಲದವರು, ಪರದೇಶಿ, ಯಹೂದಿ. ನಿಜ ಸಂಗತಿ ಸಣ್ಣದು. ಆ ಊರಲ್ಲಿ ಶೀಶೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕುಳ ಮಣ್ಣಿಗೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ್ದರು.

ಇಷ್ಟು ಒಪ್ಪಿಕೊಳ್ಳಲು ಐದು ವರ್ಷ ಬೇಕಾಯಿತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಶೋಧಿಸಿದ ರೊನಾಲ್ಡ್ ರಾಸರೂ ಇತರ ಶಾಸ್ತ್ರಜ್ಞರೂ ಲಂಡನ್ನಿನ ಪತ್ರಿಕೆಯಲ್ಲಿ ಬರೆದು ವಾದಿಸಿದ ಮೇಲೆ, 1907ರಲ್ಲಿ ಅವರನ್ನು ಮತ್ತೆ ಕೆಲಸಕ್ಕೆ ಕರೆದರು. ಆದರೆ ಮುಂಬಯಿಗಲ್ಲ, ಕಲಕತ್ತೆಗೆ. ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಲಿಲ್ಲ. ಪರೇಲಿನ ಸಂಸ್ಥೆಗೆ 1925ರಲ್ಲಿ ಅವರ ಹೆಸರಿಟ್ಟರು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡರು.