ಎಳೆಯರಿಗೆ ಒಡಲಿನ ಅರಿವಿತ್ತ ವೈದ್ಯೆ: ಡಾ. ಅನುಪಮಾ ನಿರಂಜನ

ವಿದ್ಯೆಯೆಂಬುದು ಅಕ್ಷರದಿಂದ ಆರಂಭವಾಗುತ್ತದೆಯಾದರೂ ಅಕ್ಷರದಲ್ಲಿಯೇ ಮುಗಿಯುವುದಿಲ್ಲ. ನವಗ್ರಹಗಳ ಹೆಸರನ್ನು ಒಂದೇ ಉಸಿರಿಗೆ ಹೇಳಬಲ್ಲ ಬಾಲಕಿಯು ತನ್ನ ಮೈಯೊಳಗೆ ನಡೆದಿರುವ ವ್ಯಾಪಾರವನ್ನು ಅರಿಯದೆ ಅಡಿಗೆಮನೆಯ ಮೂಲೆಯಲ್ಲಿ ಕುಳಿತು ಅಳುತ್ತಿದ್ದರೆ, ಆಕೆ ಕಲಿತ ವಿದ್ಯೆ ಆಕೆಗೆ ಒದಗಲಿಲ್ಲವೆಂದೇ ಹೇಳಬೇಕು. ಬಾಲ್ಯ ಕಳೆದು ಹರೆಯ ಕಾಲಿಡುವ ಹೊತ್ತಿನಲ್ಲಿ ಬರುವ ಕಣ್ಣೀರಿಗೂ ಏರುವ ಸಿಟ್ಟಿಗೂ ಕವಿಯುವ ಬೇಸರಕ್ಕೂ ಒಡಲಿನೊಳಗೇ ಒಂದು ಕಾರಣವುಂಟು. ಅಂಥ ಒಡಲಿನ ಸಂಗತಿಗಳನ್ನು ತಿಳಿಗನ್ನಡದಲ್ಲಿ, ಸಂಕೋಚವಿಲ್ಲದೆ, ಎಳೆಯರ ಕೈಗೆ ಮುಟ್ಟಿಸಿದ ವೈದ್ಯರಲ್ಲಿ ಡಾ. ಅನುಪಮಾ ನಿರಂಜನ ಅವರದು ಗೌರವದಿಂದ ಸ್ಮರಿಸಬೇಕಾದ ಹೆಸರು.

ಅವರು ಜನಿಸಿದ್ದು 1934ರ ಮೇ 17ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ತಂದೆತಾಯಿಗಳು ಇಟ್ಟ ಹೆಸರು ವೆಂಕಟಲಕ್ಷ್ಮಿ. ನಾಡು ಅವರನ್ನು ಅರಿತದ್ದು ಅನುಪಮಾ ಎಂಬ ಹೆಸರಿನಿಂದ. ಹೆಣ್ಣುಮಗಳು ಮೆಟ್ರಿಕ್ ಮುಗಿಸಿದರೆ ಅದೇ ಹೆಚ್ಚೆಂದು ಮನೆತನಗಳು ಭಾವಿಸುತ್ತಿದ್ದ ಕಾಲದಲ್ಲಿ ಅವರು ಮೈಸೂರಿನ ವೈದ್ಯಕೀಯ ಕಾಲೇಜನ್ನು ಸೇರಿ ವೈದ್ಯರಾದರು. ವೈದ್ಯಕೀಯದ ಕಠಿಣ ವ್ಯಾಸಂಗವು ಅವರ ಸಾಹಿತ್ಯದ ಒಲವನ್ನು ಬತ್ತಿಸಲಿಲ್ಲ. ಒಂದು ಕೈಯಲ್ಲಿ ನಾಡಿ ಹಿಡಿದು ಇನ್ನೊಂದು ಕೈಯಲ್ಲಿ ಲೇಖನಿ ಹಿಡಿದ ಬಾಳು ಅವರದಾಯಿತು.

1956ರಲ್ಲಿ ಅವರು ಪ್ರಗತಿಶೀಲ ಸಾಹಿತಿ ನಿರಂಜನರನ್ನು ವರಿಸಿದರು. ಕಯ್ಯೂರಿನ ರೈತ ಹೋರಾಟವನ್ನು ಕುರಿತ ಚಿರಸ್ಮರಣೆ ಕಾದಂಬರಿಯಿಂದ ನಿರಂಜನರು ಆ ಹೊತ್ತಿಗಾಗಲೇ ಹೆಸರಾದವರು. ಸಾಹಿತ್ಯವು ಜನಸಾಮಾನ್ಯರ ಬಾಳಿಗೆ ಒದಗಬೇಕೆಂಬ ನಿಲುವಿನಲ್ಲಿ ಪತಿಪತ್ನಿಯರಿಬ್ಬರೂ ಏಕಮನಸ್ಕರು. ತೇಜಸ್ವಿನಿ ಮತ್ತು ಸೀಮಂತಿನಿ ಈ ದಂಪತಿಗಳ ಮಕ್ಕಳು.

ಅನುಪಮಾ ಅವರು ವೈದ್ಯವೃತ್ತಿಯನ್ನು ನಡೆಸಿದ್ದು ಧಾರವಾಡದಲ್ಲಿ ಹಾಗೂ ಬೆಂಗಳೂರಿನಲ್ಲಿ. ಈ ಕಾರಣದಿಂದ ಧಾರವಾಡ ಸೀಮೆಯವರಿಗೆ ಅವರು ದೂರದವರಲ್ಲ. ಆ ಕಾಲದ ಈ ಸೀಮೆಯ ಹಳ್ಳಿಗಳ ಸ್ಥಿತಿಯನ್ನು ನೆನೆದರೆ ಅವರ ಕಾರ್ಯದ ಬೆಲೆ ತಿಳಿಯುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಾಗಲಿ, ಕುಂದಗೋಳದ ಬಯಲಿನಲ್ಲಾಗಲಿ, ಕಲಘಟಗಿಯ ಮಲೆನಾಡಿನ ಸೆರಗಿನಲ್ಲಾಗಲಿ, ಹೆಣ್ಣುಮಗಳು ಮೈನೆರೆದಾಗ ಆರತಿ ಎತ್ತುತ್ತಿದ್ದರು, ಸೋಬಾನೆ ಹಾಡುತ್ತಿದ್ದರು, ಕೊಬ್ಬರಿ ಬೆಲ್ಲ ತಿನ್ನಿಸುತ್ತಿದ್ದರು. ಆದರೆ ಆದದ್ದೇನು, ಏಕೆ ಆಯಿತು ಎಂಬುದನ್ನು ಆ ಮಗುವಿಗೆ ಬಾಯಿಬಿಟ್ಟು ಹೇಳುತ್ತಿದ್ದವರು ವಿರಳ. ಆ ಬಳಿಕ ಹುಡುಗಿ ಮಂಕಾದರೆ ಗಾಳಿ ಸೋಂಕಿತೆಂದು ತಾಯಿತ ಕಟ್ಟಿಸುವುದು, ಎದುರು ಮಾತಾಡಿದರೆ ಗಯ್ಯಾಳಿಯೆಂದು ಹೆಸರಿಡುವುದು ನಡೆದೇ ಇತ್ತು. ಧಾರವಾಡದಲ್ಲಿ ಮಾನಸಿಕ ರೋಗಿಗಳ ಹಳೆಯ ಆಸ್ಪತ್ರೆಯಿದ್ದುದರಿಂದ ಸುತ್ತಲ ಊರುಗಳಲ್ಲಿ ಆ ಪಟ್ಟಣದ ಹೆಸರೇ ಗೇಲಿಯ ಮಾತಾಗಿತ್ತು. ಮನಸ್ಸಿನ ನೋವನ್ನು ಹೇಳಿಕೊಂಡರೆ ಹುಚ್ಚೆಂಬ ಪಟ್ಟ ಬರುವುದೆಂಬ ಅಂಜಿಕೆಯಿಂದ ಎಷ್ಟೋ ಹೆಣ್ಣುಮಕ್ಕಳು ನೋವನ್ನು ನುಂಗಿಕೊಂಡೇ ಬಾಳಿದರು.

ಔಷಧದ ಚೀಟಿ ಒಬ್ಬ ರೋಗಿಗೆ ಮಾತ್ರ ಒದಗೀತು. ಒಂದು ಒಳ್ಳೆಯ ಪುಸ್ತಕ ಸಾವಿರ ಮನೆಗಳ ಬಾಗಿಲು ತಟ್ಟಬಲ್ಲದು. ಅನುಪಮಾ ಅವರ ವೈದ್ಯಸಾಹಿತ್ಯವು ಮಾಡಿದ ಕೆಲಸ ಇದೇ. ತಾಯಿ-ಮಗು, ದಾಂಪತ್ಯ ದೀಪಿಕೆ, ವಧುವಿಗೆ ಕಿವಿಮಾತು ಮುಂತಾದ ಗ್ರಂಥಗಳು ಕನ್ನಡದ ಗೃಹಿಣಿಯರ ನಿತ್ಯಸಂಗಾತಿಗಳಾದವು. ಹರೆಯಕ್ಕೆ ಕಾಲಿಡುವ ಹೆಣ್ಣುಮಕ್ಕಳಿಗಾಗಿಯೇ ಅವರು ರಚಿಸಿದ ಹೊತ್ತಗೆ ಕೇಳು ಕಿಶೋರಿ. ಹಿರಿಯರನ್ನು ಕುರಿತು ಬರೆಯುವುದು ಸುಲಭ, ಎಳೆಯರಿಗೆ ಬರೆಯುವುದು ಕಷ್ಟ. ಅದರಲ್ಲಿಯೂ ಎಳೆಯರಿಗೆ ಅವರ ದೇಹವನ್ನು ಕುರಿತು ಬರೆಯುವುದು ಇನ್ನೂ ಕಷ್ಟ. ಸ್ವಲ್ಪ ಎಡವಿದರೆ ಮಾತು ಅಶ್ಲೀಲವಾದೀತು, ಬಹಳ ಅಂಜಿದರೆ ಅರ್ಥವೇ ಆಗದೆ ಹೋದೀತು. ಹೆಸರೇ ಸೂಚಿಸುವಂತೆ ಈ ಹೊತ್ತಗೆಯದು ಮಗಳನ್ನು ಬಳಿಯಲ್ಲಿ ಕೂರಿಸಿಕೊಂಡು ಹೇಳುವ ತಾಯಿಯ ರೀತಿ. ಶಾಸ್ತ್ರಕ್ಕೆ ಭಂಗ ಬಾರದಂತೆ, ಮರ್ಯಾದೆಗೆ ಕುಂದು ಬಾರದಂತೆ ಹೇಳುವ ಮಾರ್ಗವೊಂದು ಕನ್ನಡದಲ್ಲಿ ಇದರಿಂದ ತೆರೆಯಿತು.

ಕಿಶೋರಿಯರು ಅರಿಯಬೇಕಾದ ಆ ಶಾಸ್ತ್ರದ ಸಾರವನ್ನು ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಇಲ್ಲಿ ಸಂಗ್ರಹಿಸಿ ಹೇಳುವುದು ಅಪ್ರಸ್ತುತವಾಗದು. ನಮ್ಮ ದೇಹದಲ್ಲಿ ನಿರ್ನಾಳ ಗ್ರಂಥಿಗಳೆಂಬ ಕೆಲವು ಸಣ್ಣ ಅಂಗಗಳಿವೆ. ಇವು ಸ್ರವಿಸುವ ರಸಗಳು ನಾಳದ ನೆರವಿಲ್ಲದೆ ನೇರವಾಗಿ ರಕ್ತವನ್ನು ಸೇರುತ್ತವೆ. ಈ ರಸಗಳಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್. ಪ್ರಚೋದಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಪದವಿದು. ಅಂಚೆಯವನು ಓಣಿ ಓಣಿ ತಿರುಗಿದರೂ ಕಾಗದವನ್ನು ವಿಳಾಸವಿದ್ದ ಮನೆಗೇ ಕೊಡುವಂತೆ, ಹಾರ್ಮೋನು ರಕ್ತದೊಡನೆ ಮೈಯೆಲ್ಲ ಸುತ್ತಿದರೂ ತನ್ನನ್ನು ಗುರುತಿಸಬಲ್ಲ ಅಂಗಕ್ಕೇ ತನ್ನ ಆಜ್ಞೆಯನ್ನು ಮುಟ್ಟಿಸುತ್ತದೆ.

ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಹರೆಯದ ಹೊತ್ತು ಬಂದಾಗ ಮಿದುಳು ಈ ಗ್ರಂಥಿಯನ್ನು ಎಚ್ಚರಿಸುತ್ತದೆ. ಗ್ರಂಥಿಯು ಹುಡುಗಿಯರಲ್ಲಿ ಅಂಡಾಶಯವನ್ನೂ ಹುಡುಗರಲ್ಲಿ ವೃಷಣವನ್ನೂ ಎಚ್ಚರಿಸುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್, ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನುಗಳು ಮೈಯನ್ನು ಬೆಳೆಸುವುದರ ಜೊತೆಗೆ ಮಿದುಳಿಗೂ ತಲುಪುತ್ತವೆ. ಹುಡುಗಿಯರಲ್ಲಿ ಇವುಗಳ ಪ್ರಮಾಣ ತಿಂಗಳುದ್ದಕ್ಕೂ ಏರಿಳಿಯುತ್ತಿದ್ದು, ಮುಟ್ಟಿನ ಮುಂಚಿನ ದಿನಗಳಲ್ಲಿ ತಗ್ಗುತ್ತದೆ. ಆಗ ಕೆಲವರಿಗೆ ಸಿಡುಕು, ಅಳು, ಮೈಭಾರ ತೋರುವುದುಂಟು. ಮೊದಲ ಒಂದೆರಡು ವರ್ಷ ಈ ತಿಂಗಳ ಲೆಕ್ಕ ತಪ್ಪುವುದೂ ಸಾಮಾನ್ಯ. ಇದು ದೆವ್ವದ ಕಾಟವಲ್ಲ, ನಡತೆಯ ದೋಷವಲ್ಲ, ಹುಚ್ಚಿನ ಲಕ್ಷಣವಂತೂ ಅಲ್ಲ. ಬೆಳೆಯುವ ಒಡಲಿನ ಸಹಜ ಕ್ರಮ.

ಪರೀಕ್ಷೆಯ ಕೋಣೆಯಲ್ಲಿ ಎದೆ ಹೊಡೆದುಕೊಂಡು ಬಾಯಿ ಒಣಗಿ ಅಂಗೈ ಬೆವರುವುದನ್ನು ಎಲ್ಲ ಶಿಕ್ಷಕರೂ ಕಂಡಿದ್ದಾರೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಗ್ರಂಥಿಗಳಿಂದ ಹೊರಡುವ ಅಡ್ರಿನಲಿನ್ ಇದಕ್ಕೆ ಒಂದು ಮುಖ್ಯ ಕಾರಣ. ಈ ರಸವನ್ನು 1901ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದವನು ಜಪಾನಿನ ತಕಮಿನೆ. ಕೊರಳಿನ ಥೈರಾಯಿಡ್ ಗ್ರಂಥಿಯ ರಸ ಕಡಿಮೆಯಾದರೆ ಮಗು ಜಡವಾಗುತ್ತದೆ, ಮಂಕಾಗುತ್ತದೆ, ಪಾಠ ನೆನಪಿನಲ್ಲಿ ನಿಲ್ಲುವುದಿಲ್ಲ. ಸೋಮಾರಿಯೆಂದು ಬೆತ್ತ ಎತ್ತುವ ಮುನ್ನ ಶಿಕ್ಷಕನು ಇದನ್ನು ನೆನೆಯಬೇಕು. ಆ ರಸಕ್ಕೆ ಅಯೋಡಿನ್ ಬೇಕಾದುದರಿಂದಲೇ ಉಪ್ಪಿಗೆ ಅಯೋಡಿನ್ ಬೆರೆಸುವ ಪದ್ಧತಿ ಬಂತು. ಮಿದುಳಿನ ಒಳಗೂ ಸೆರೊಟೊನಿನ್, ಡೋಪಮಿನ್ ಮುಂತಾದ ರಸಗಳು ನರದಿಂದ ನರಕ್ಕೆ ಸುದ್ದಿ ಒಯ್ಯುತ್ತ ಮನಸ್ಸಿನ ನೆಮ್ಮದಿಯಲ್ಲಿಯೂ ಉತ್ಸಾಹದಲ್ಲಿಯೂ ಪಾಲುಗೊಳ್ಳುತ್ತವೆ.

ಹಾಗೆಂದು ಮನುಷ್ಯನು ರಸಗಳ ಕೈಗೊಂಬೆಯೆಂದು ತಿಳಿಯಲಾಗದು. ಹೊತ್ತಿಗೆ ಸರಿಯಾದ ನಿದ್ರೆ, ಬಯಲಿನ ಆಟ, ಎಳೆಬಿಸಿಲು, ಜೋಳದ ರೊಟ್ಟಿಯೊಡನೆ ಕಾಳುಪಲ್ಯ ಮತ್ತು ಸೊಪ್ಪಿನ ಊಟ, ಎಲ್ಲಕ್ಕೂ ಮಿಗಿಲಾಗಿ ಮನೆಯವರ ಒಂದು ಹಿತನುಡಿ, ಇವೆಲ್ಲ ಆ ರಸಗಳನ್ನು ಹದದಲ್ಲಿಡಲು ನೆರವಾಗುತ್ತವೆ. ಬೇಸರವು ವಾರಗಟ್ಟಲೆ ಬಿಡದೆ ಕಾಡಿದರೆ ಜ್ವರಕ್ಕೆ ವೈದ್ಯರನ್ನು ಕಾಣುವಂತೆ ಅದಕ್ಕೂ ಕಾಣಬೇಕು. ದೇಹದ ನಿಯಮವನ್ನು ಅರಿತ ಮಗು ತನ್ನ ಸಿಟ್ಟಿಗೆ ತಾನೇ ಅಂಜುವುದಿಲ್ಲ. ಸಿಟ್ಟನ್ನು ಕಂಡು ಅದು ಇಳಿಯುವ ತನಕ ತಾಳುವುದನ್ನು ಕಲಿಯುತ್ತದೆ. ಅರಿವಿನಿಂದ ದೊರೆಯುವ ಸ್ವಾತಂತ್ರ್ಯವೆಂದರೆ ಇದೇ.

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಹೆಣ್ಣಿನ ಸಹಜ ದೇಹಧರ್ಮವನ್ನು ಮೈಲಿಗೆಯೆಂದು ಕರೆಯಲೊಪ್ಪದ ಆ ಪರಂಪರೆಯ ನಾಡಿನಲ್ಲಿಯೇ ಹುಡುಗಿಯರು ಅದೇ ಕಾರಣಕ್ಕೆ ತಲೆತಗ್ಗಿಸುವಂತಾದುದು ಸಖೇದಾಶ್ಚರ್ಯದ ಸಂಗತಿ. ಶರಣರು ಅನುಭಾವದಿಂದ ಅಳಿಸಿದ ಕಳಂಕವನ್ನು ಆಧುನಿಕ ವೈದ್ಯಶಾಸ್ತ್ರವು ತನ್ನ ಮಾರ್ಗದಲ್ಲಿ ಅಳಿಸುತ್ತದೆ. ಆ ಶಾಸ್ತ್ರವನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದವರ ಸಾಲಿನಲ್ಲಿ ಅನುಪಮಾ ಅವರಿಗೆ ಸಲ್ಲುವ ಸ್ಥಾನ ದೊಡ್ಡದು.

ಈ ಕಾರ್ಯದಲ್ಲಿ ಅವರು ಏಕಾಕಿಯೂ ಆಗಿರಲಿಲ್ಲ. ತ್ರಿವೇಣಿಯವರು ಶರಪಂಜರ ಕಾದಂಬರಿಯಲ್ಲಿ ಹೆರಿಗೆಯ ಬಳಿಕ ಮನಸ್ಸು ಕದಡಿದ ಗೃಹಿಣಿಯ ಪಾಡನ್ನು, ಆಕೆ ಗುಣಹೊಂದಿದ ಮೇಲೂ ನಂಬದ ಸಮಾಜದ ಕ್ರೌರ್ಯವನ್ನು ಚಿತ್ರಿಸಿದ್ದರು. ರಾಶಿ ಎಂದು ಖ್ಯಾತರಾದ ಡಾ. ಎಂ. ಶಿವರಾಂ ಅವರ ಮನಮಂಥನವೆಂಬ ಮನೋವೈದ್ಯಕೀಯ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆದರೆ ಆ ಕೃತಿಗಳು ಪ್ರೌಢರಿಗಾಗಿ ಇದ್ದವು. ಅನುಪಮಾ ಅವರು ಎಳೆಯರನ್ನೇ ನೇರವಾಗಿ ಉದ್ದೇಶಿಸಿದ್ದು ಅವರ ವೈಶಿಷ್ಟ್ಯ.

ಮಕ್ಕಳ ಮನಸ್ಸನ್ನು ಅವರು ಬಲ್ಲವರೆಂಬುದಕ್ಕೆ ದಿನಕ್ಕೊಂದು ಕಥೆ ಮಾಲೆಯೇ ಸಾಕ್ಷಿ. ತಿಂಗಳಿಗೊಂದರಂತೆ 12 ಸಂಪುಟಗಳು, ವರ್ಷದ ದಿನಕ್ಕೊಂದರಂತೆ ಕಥೆಗಳು. ಮಲಗುವ ಮುನ್ನ ಒಂದು ಕಥೆ ಕೇಳಿದ ಮಗು ನಿಶ್ಚಿಂತೆಯಿಂದ ನಿದ್ರಿಸುವುದನ್ನು ಪ್ರತಿಯೊಬ್ಬ ಅಜ್ಜಿಯೂ ಬಲ್ಲಳು. ಈ ಮಾಲೆಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. ಕಥೆಗಾರ್ತಿಯಾಗಿ ಕಣ್ಮಣಿ ಸಂಕಲನಕ್ಕೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಗೌರವವೂ ಅವರಿಗೆ ಸಂದಿತು. ಋಣಮುಕ್ತಳು ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1984ರಲ್ಲಿ ಚಲನಚಿತ್ರವಾಗಿಸಿದರು. ಮಾಧವಿ ಕಾದಂಬರಿಗೆ ಮಹಾಭಾರತದ ಉದ್ಯೋಗಪರ್ವದ ಉಪಾಖ್ಯಾನವೇ ಆಧಾರ. ಗುರುದಕ್ಷಿಣೆಗೆ ಬೇಕಾದ 800 ಕುದುರೆಗಳಿಗಾಗಿ ಯಯಾತಿಯ ಮಗಳನ್ನು ಗಾಲವನು ರಾಜರಿಂದ ರಾಜರಿಗೆ ಒಪ್ಪಿಸುತ್ತ ಹೋಗುವ ಆ ಕಥೆಯಲ್ಲಿ ಹೆಣ್ಣಿನ ಒಡಲು ವ್ಯಾಪಾರದ ಸರಕಾಗುತ್ತದೆ. ಆಕೆಯ ಮನಸ್ಸನ್ನು ಕೇಳುವವರೇ ಇಲ್ಲ. ಒಡಲೂ ಮನಸ್ಸೂ ಒಂದೇ ಜೀವದ ಎರಡು ಮುಖಗಳೆಂದು ಬಲ್ಲ ವೈದ್ಯೆಯ ಕಣ್ಣಿಗೆ ಆ ಪುರಾತನ ಕಥೆ ಸೋಕಿದ್ದು ಆಕಸ್ಮಿಕವಲ್ಲ.

ಅವರ ಸ್ವಂತ ಬಾಳು ಸುಖದ ಹಾಸಿಗೆಯಾಗಿರಲಿಲ್ಲ. ನಿರಂಜನರು ಪಕ್ಷಾಘಾತಕ್ಕೆ ತುತ್ತಾದರು. ಹಾಗಾದ ಮೇಲೂ ಆ ಧೀರರು ವಿಶ್ವಕಥಾಕೋಶದ 25 ಸಂಪುಟಗಳ ಸಂಪಾದನೆಯಂಥ ಭಗೀರಥ ಕಾರ್ಯವನ್ನು ನೆರವೇರಿಸಿದರು. ಅವರ ಬೆನ್ನಿಗೆ ಪತ್ನಿಯ ಆಸರೆಯಿತ್ತು. ಕ್ಯಾನ್ಸರ್ ರೋಗವು ಅನುಪಮಾ ಅವರನ್ನು ಹಿಡಿಯಿತು. ಆ ರೋಗದ ಹೆಸರನ್ನು ಉಚ್ಚರಿಸಲೂ ಅಂಜಿ, ನೆಂಟರಿಂದಲೂ ಮುಚ್ಚಿಡುತ್ತಿದ್ದ ಕಾಲವದು. ಪರರಿಗೆ ದೇಹದ ಸತ್ಯವನ್ನು ಬಿಡಿಸಿ ಹೇಳಿದವರಿಗೆ ತಮ್ಮ ದೇಹದ ಸತ್ಯವನ್ನು ಎದುರಿಸುವ ಪರೀಕ್ಷೆ ಬಂತು. ಅದರಲ್ಲಿ ಅವರು ಸೋಲಲಿಲ್ಲ. ನೆನಪು ಸಿಹಿ-ಕಹಿ ಎಂಬ ಆತ್ಮಕಥನದಲ್ಲಿ ತಮ್ಮ ಬಾಳಿನ ಸವಿಯನ್ನೂ ಕಹಿಯನ್ನೂ ಓದುಗರ ಮುಂದಿಟ್ಟರು. 1991ರ ಫೆಬ್ರವರಿ 15ರಂದು, ಇನ್ನೂ ಐವತ್ತೇಳು ತುಂಬುವ ಮುನ್ನವೇ, ಅವರು ಅಗಲಿದರು. ಆ ಬಳಿಕ ನಿರಂಜನರೂ ತೀರಿಕೊಂಡರು. ಅವರ ನೆನಪಿಗಾಗಿ ಕರ್ನಾಟಕ ಲೇಖಕಿಯರ ಸಂಘವು ಅನುಪಮಾ ಪ್ರಶಸ್ತಿಯನ್ನು ಸ್ಥಾಪಿಸಿತು.

ಪ್ರಶಸ್ತಿಗಿಂತ ದೊಡ್ಡ ಸ್ಮಾರಕವನ್ನು ಶಾಲೆಗಳು ಕಟ್ಟಬಲ್ಲವು. ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಹೆಣ್ಣುಮಕ್ಕಳು ತಮ್ಮ ಸಂದೇಹಗಳನ್ನು ಹಿರಿಯ ಶಿಕ್ಷಕಿಯೊಬ್ಬರ ಮುಂದೆ ಅಂಜದೆ ಹೇಳಿಕೊಳ್ಳುವ ಒಂದು ಹೊತ್ತು ವಾರದಲ್ಲಿರಬೇಕು. ಗಂಡುಮಕ್ಕಳಿಗೂ ಅಂಥದೇ ಹೊತ್ತು ಬೇಕು, ಏಕೆಂದರೆ ಅಕ್ಕತಂಗಿಯರ ಅಳುವನ್ನು ಗೇಲಿ ಮಾಡದಿರುವುದನ್ನೂ ತಮ್ಮ ಅಳುವಿಗೆ ತಾವು ನಾಚದಿರುವುದನ್ನೂ ಅವರು ಕಲಿಯಬೇಕಾಗಿದೆ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ತಾವು ಕಲಿತ ಶಾಲೆಗೆ ಬಂದು ಮಕ್ಕಳೊಡನೆ ಮಾತಾಡಿದರೆ ಅದು ಗುರುಋಣದ ಸಾರ್ಥಕ ಪರಿಹಾರ. ಗ್ರಂಥಾಲಯಕ್ಕೆ ಇಂಥ ಪುಸ್ತಕಗಳನ್ನು ತುಂಬಿಕೊಡುವ ದಾನಿಗಳದು ಅನ್ನದಾನಕ್ಕೆ ಕಡಿಮೆಯಲ್ಲದ ಪುಣ್ಯ. ಮೂಲೆಯಲ್ಲಿ ಕುಳಿತು ಅಳುತ್ತಿದ್ದ ಒಬ್ಬ ಬಾಲಕಿಯು ತನಗೇನಾಗುತ್ತಿದೆಯೆಂದು ಅರಿತು, ಕಣ್ಣೊರೆಸಿಕೊಂಡು, ಮತ್ತೆ ತರಗತಿಗೆ ಬಂದು ಕುಳಿತರೆ, ಆ ವೈದ್ಯೆಯ ಬಾಳಿಗೆ ಸಲ್ಲಿಸಬಹುದಾದ ಕೃತಜ್ಞತೆ ಅದಕ್ಕಿಂತ ಬೇರೊಂದಿಲ್ಲ.