ಸೌದೆಕಡ್ಡಿಯಲ್ಲಿ ಗೀತೆ ತೋರಿಸಿದ ಭಗವಾನ್ ಶ್ರೀ ರಮಣ ಮಹರ್ಷಿಗಳು

ತಮಿಳುನಾಡಿನ ತಿರುಚ್ಚುಳಿ ಎಂಬ ಪುಟ್ಟ ಊರಿನಲ್ಲಿ 1879ನೇ ಇಸವಿ ಡಿಸೆಂಬರ್ 30ರಂದು ಸುಂದರಂ ಅಯ್ಯರ್ ಮತ್ತು ಅಳಗಮ್ಮಾಳ್ ದಂಪತಿಗಳ ಮಗನಾಗಿ ವೆಂಕಟರಾಮನ್ ಜನಿಸಿದರು. ತಂದೆ ಬೇಗ ತೀರಿಕೊಂಡರು. ಹುಡುಗ ಮಧುರೈನ ಚಿಕ್ಕಪ್ಪನ ಮನೆ ಸೇರಿದ. ಓದಿನಲ್ಲಿ ಅಂಥ ಆಸಕ್ತಿಯೇನೂ ಇಲ್ಲ, ಆಟ ಅಂದರೆ ಪ್ರಾಣ. 1896ರ ಜುಲೈನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯಿತು. ಹೆಣದಂತೆ ಮಲಗಿ, ಸಾಯುವುದು ಶರೀರವಾದರೆ ನಾನು ಯಾರು ಎಂದು ಒಳಗೇ ನೋಡಿಕೊಂಡ. ಅಂದಿಗೆ ಆ ಭಯ ಹೋಯಿತು.

ಅದೇ ಆಗಸ್ಟ್ 29ರಂದು ಅಣ್ಣನ ಕಾಲೇಜು ಫೀಸಿಗೆಂದು ಕೊಟ್ಟಿದ್ದ 5 ರೂಪಾಯಿಯಲ್ಲಿ ಮೂರನ್ನಷ್ಟೇ ತೆಗೆದುಕೊಂಡು, ಉಳಿದ ಎರಡನ್ನು ಒಂದು ಚೀಟಿಯ ಜೊತೆ ಇಟ್ಟು ಮನೆ ಬಿಟ್ಟ. ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೈ ಸೇರಿದವರು ಅರುಣಾಚಲ ಬೆಟ್ಟವನ್ನು ಮತ್ತೆ ಬಿಟ್ಟು ಹೋಗಲೇ ಇಲ್ಲ.

ಮಗ ಇರುವ ಜಾಗ ತಿಳಿದು 1898ರಲ್ಲಿ ತಾಯಿ ಓಡಿ ಬಂದರು. ಅತ್ತರು, ಬೇಡಿದರು. ಮೌನದಲ್ಲಿದ್ದ ಮಗ, ಆಗಬೇಕಾದದ್ದು ಆಗಿಯೇ ತೀರುತ್ತದೆ ಎಂಬ ಅರ್ಥದಲ್ಲಿ ಬರೆದು ತೋರಿಸಿದರು, ಅಷ್ಟೇ. ಹೆತ್ತವರಿಗೆ ಇದು ಕಠಿಣವೆಂದೇ ಅನ್ನಿಸುತ್ತದೆ, ಆ ತಾಯಿಗೂ ಅನ್ನಿಸಿತು, ಬರಿಗೈಯಲ್ಲಿ ಹಿಂತಿರುಗಿದರು. ಆದರೆ 1916ರಲ್ಲಿ ಅದೇ ತಾಯಿ ಬೆಟ್ಟದ ಮೇಲೆ ಮಗನ ಬಳಿಯೇ ಬಂದು ನೆಲೆಸಿದರು, ಅಲ್ಲಿದ್ದವರಿಗೆಲ್ಲ ಅಡುಗೆ ಮಾಡಿ ಬಡಿಸಿದರು. 1922ರ ಮೇ 19ರಂದು ಮಗನ ಕೈಗಳು ತಮ್ಮ ಎದೆ, ತಲೆಯ ಮೇಲಿರುವಾಗಲೇ ಅವರು ಪ್ರಾಣ ಬಿಟ್ಟರು. ತಾಯಿಯ ಸಮಾಧಿಯ ಸುತ್ತಲೇ ಇವತ್ತಿನ ಆಶ್ರಮ ಬೆಳೆದದ್ದು.

ಹೀಗೆ ತಾವು ಮನೆ ಬಿಟ್ಟು ಬಂದವರು, ಬೇರೆಯವರಿಗೆ ಮಾತ್ರ ಮನೆ ಬಿಡಿ ಅನ್ನಲಿಲ್ಲ. ಸಂಸಾರ ಸಾಕು, ನೌಕರಿ ಬಿಟ್ಟು ಇಲ್ಲೇ ಇರುತ್ತೇನೆ ಎಂದು ಬಂದ ಎಷ್ಟೋ ಜನರನ್ನು ವಾಪಸ್ಸು ಕಳಿಸಿದರು. ಕಾಡಿಗೆ ಹೋದರೂ ಮನಸ್ಸು ಜೊತೆಗೇ ಬರುತ್ತದಲ್ಲ. ಬಿಡಬೇಕಾದ್ದು ಕೆಲಸವನ್ನಲ್ಲ, ಮಾಡುವವನು ನಾನು ಎಂಬ ಭಾವವನ್ನು ಎಂಬುದು ಅವರ ನಿಲುವು. ಗೀತೆಯ 700 ಶ್ಲೋಕಗಳಿಂದ 42ನ್ನು ಆರಿಸಿ ಸಾರವಾಗಿ ಜೋಡಿಸಿಕೊಟ್ಟವರೂ ಅವರೇ.

ಒಮ್ಮೆ ಒಬ್ಬರು, ನಿಷ್ಕಾಮ ಕರ್ಮ ಅಂದರೆ ಹೇಗೆ ಮಾಡುವುದು ಎಂದು ಕೇಳಿದರು. ಭಗವಾನರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಬೆಟ್ಟದಲ್ಲಿ ನಡೆಯುತ್ತಾ ದಾರಿಯಲ್ಲಿ ಬಿದ್ದಿದ್ದ ಒಂದು ಮುಳ್ಳುಕೊಂಬೆ ಎತ್ತಿಕೊಂಡು ಕುಳಿತರು. ಸೌದೆಗಷ್ಟೇ ಆಗುವ ಕಡ್ಡಿ ಅದು. ಮುಳ್ಳು ಸವರಿದರು, ಗಂಟು ಕೆತ್ತಿದರು, ಒರಟು ಎಲೆಯಿಂದ ಉಜ್ಜಿ ಉಜ್ಜಿ ನಯ ಮಾಡಿದರು. ಅವಸರವಿಲ್ಲ, ಬೇಸರವಿಲ್ಲ, ಗಂಟೆಗಟ್ಟಲೆ ಹಿಡಿಯಿತು. ಕೋಲು ಅಷ್ಟು ಚೆನ್ನಾಗಿ ಬಂದಿತ್ತು, ನೋಡಿದವರು ಬೆರಗಾದರು. ಅಷ್ಟರಲ್ಲಿ ಕೋಲು ಕಳೆದುಕೊಂಡು ಪೇಚಾಡುತ್ತಿದ್ದ ಕುರಿ ಕಾಯುವ ಹುಡುಗ ಎದುರಾದ. ಭಗವಾನರು ಅದನ್ನು ಅವನ ಕೈಗೆ ಕೊಟ್ಟು ಮುಂದೆ ನಡೆದೇಬಿಟ್ಟರು. ಕೇಳಿದವರು ಮತ್ತೆ ಪ್ರಶ್ನೆ ಎತ್ತಲಿಲ್ಲ.

ಆಶ್ರಮದ ಅಡುಗೆಮನೆಯಲ್ಲೂ ಇದೇ ರೀತಿ. ಬೆಳಗಿನ ಜಾವ, ಊರು ಏಳುವ ಮೊದಲೇ ಎದ್ದು ತರಕಾರಿ ಹೆಚ್ಚುತ್ತಿದ್ದರು, ಚಟ್ನಿ ರುಬ್ಬುತ್ತಿದ್ದರು. ನೆಲಕ್ಕೆ ಬಿದ್ದ ಅಕ್ಕಿಕಾಳನ್ನೂ ಒಂದೊಂದಾಗಿ ಆರಿಸಿ ಡಬ್ಬಕ್ಕೆ ಹಾಕುವರು. ತಮ್ಮ ಎಲೆಗೆ ಯಾರಾದರೂ ಭಕ್ತಿಯಿಂದ ಒಂದು ಸೌಟು ಹೆಚ್ಚು ಬಡಿಸಿದರೆ ಗದರಿಕೆ ತಪ್ಪಿದ್ದಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಎಷ್ಟೋ ತಮಗೂ ಅಷ್ಟೇ. ಹಿಂದೆ ಗುಹೆಯಲ್ಲಿದ್ದಾಗ ಹರಿದ ಬಟ್ಟೆಗೆ ಮುಳ್ಳನ್ನೇ ಸೂಜಿ ಮಾಡಿ, ಆ ಬಟ್ಟೆಯದೇ ನೂಲು ಎಳೆದು ಹೊಲಿದುಕೊಂಡವರಿಗೆ ಇದೇನು ಹೊಸದಲ್ಲ.

1924ರಲ್ಲಿ ಕಳ್ಳರು ನುಗ್ಗಿ ಅವರ ತೊಡೆಗೇ ಹೊಡೆದರು. ತಿರುಗಿ ಹೊಡೆಯಲು ಎದ್ದ ಭಕ್ತರನ್ನು ಭಗವಾನರು ತಡೆದರು.

1948ರ ಕೊನೆಯಲ್ಲಿ ಎಡತೋಳಿನಲ್ಲಿ ಗೆಡ್ಡೆ ಕಾಣಿಸಿತು. ನಾಲ್ಕು ಸಲ ಕೊಯ್ದರೂ ಮತ್ತೆ ಬೆಳೆಯಿತು. ಅಂಥ ನೋವಿನಲ್ಲೂ ದರ್ಶನ ನಿಲ್ಲಿಸಲು ಒಪ್ಪಲಿಲ್ಲ, ಕೊನೆಯ ದಿನವೂ ಜನ ಸಾಲಾಗಿ ಬಂದು ನೋಡಿ ಹೋದರು. 1950ರ ಏಪ್ರಿಲ್ 14ರ ರಾತ್ರಿ 8 ಗಂಟೆ 47 ನಿಮಿಷಕ್ಕೆ, ಹೊರಗೆ ಭಕ್ತರು ಅರುಣಾಚಲನ ಹಾಡು ಹಾಡುತ್ತಿರುವಾಗ ಉಸಿರು ನಿಂತಿತು. ಮಾರನೆಯ ದಿನ ತಾಯಿಯ ಗುಡಿಯ ಪಕ್ಕದಲ್ಲೇ ಸಮಾಧಿ ಮಾಡಿದರು.